ಕಾರವಾರದ ಮರಳು, ನೆರಳು, ಉಬ್ಬರ–ಇಳಿತ: ಓದುಗರ ಪ್ರಶ್ನೆಗಳಿಗೆ ಉತ್ತರ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಕಾರವಾರದ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ಮರಳಿದರೆ ಕಾರವಾರ ನೋಡಲು ಆಗುತ್ತದೆಯೇ? ಹೋದ ವರ್ಷ ಹೋದಾಗ ಬಿಸಿಲಿಗೆ ಬೆಂದು ಬಂದೆವು. ನೆರಳಿರುವ ಜಾಗಗಳು ಯಾವುವು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹೋಗಿ ಬರಲು ಆಗುತ್ತದೆ, ಆದರೆ ನೋಡುವ ಹೊತ್ತೇ ತಪ್ಪಿಹೋಗುತ್ತದೆ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿಯಲ್ಲಿ ಸುಮಾರು 165 ಕಿ.ಮೀ.; ಕಾರಿನಲ್ಲಿ ನಾಲ್ಕು ತಾಸು ಬೇಕು. ಬೆಳಗ್ಗೆ 6ಕ್ಕೆ ಹೊರಟವರು 10ಕ್ಕೆ ಮುಟ್ಟುತ್ತಾರೆ. ಅಷ್ಟೊತ್ತಿಗೆ ಮರಳು ಕಾಯತೊಡಗಿರುತ್ತದೆ. ನೀವು ಬೆಂದದ್ದು ಇದಕ್ಕೇ.

ಕಾರವಾರದಲ್ಲಿ ಹೊರಗೆ ಇರಬೇಕಾದ ಹೊತ್ತು ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಆಮೇಲೆ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಈ ಎರಡೂ ಸಿಗಬೇಕೆಂದರೆ ಶನಿವಾರ 11ರ ಸುಮಾರಿಗೆ ಬುತ್ತಿ ಕಟ್ಟಿಕೊಂಡು ಹೊರಡಿ, ಒಂದು ರಾತ್ರಿ ಉಳಿಯಿರಿ, ಭಾನುವಾರ ಊಟ ಮುಗಿಸಿ ಘಟ್ಟ ಹತ್ತಿರಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಸ್ವಂತ ಗಾಡಿ ಇಲ್ಲದವರಿಗೆ ವಾಯವ್ಯ ಸಾರಿಗೆಯ ಬಸ್ಸೇ ಗತಿ.

ನೆರಳಿನ ಲೆಕ್ಕ ಬಹಳ ಜನರಿಗೆ ಹೊಳೆಯುವುದಿಲ್ಲ. ಇಲ್ಲಿ ಸಮುದ್ರ ಪಶ್ಚಿಮಕ್ಕೆ, ಗಾಳಿಮರದ ಸಾಲು ಮರಳಿನ ಪೂರ್ವಕ್ಕೆ. ಬೆಳಗ್ಗೆ ಸೂರ್ಯ ಮರದ ಹಿಂದೆ ಇರುವುದರಿಂದ ನೆರಳು ಮರಳಿನ ಮೇಲೆಯೇ ಚಾಚಿರುತ್ತದೆ. ಆಗ ಮರಗಳ ಮುಂದೆ ಚಾಪೆ ಹಾಸಿ. ಮಧ್ಯಾಹ್ನದ ಮೇಲೆ ಅದೇ ನೆರಳು ಊರ ಕಡೆ ಬೀಳುತ್ತದೆ. ಆಗ ಮರಗಳ ಹಿಂದೆ ಕೂಡಬೇಕು. ಮಧ್ಯಾಹ್ನ ಎರಡಕ್ಕೆ ಬಂದು ಅಲೆಯ ಹತ್ತಿರ ನೆರಳು ಹುಡುಕಿದರೆ ಎಲ್ಲಿಂದ ಸಿಗಬೇಕು?

ಶನಿವಾರ ಸಂಜೆಯನ್ನು ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಕೊಡಿ. ಐಎನ್‌ಎಸ್ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯ (2006ರಿಂದ ಇದೆ) ಅಲ್ಲೇ ಮಗ್ಗುಲಲ್ಲಿದೆ. ಡಿಸೆಂಬರ್ ಮೊದಲಿಗೆ ಸಂಜೆ 6ರ ಸುಮಾರಿಗೆ, ಮೇ ಕೊನೆಗೆ 7ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮುಕ್ಕಾಲು ತಾಸು ಮೊದಲೇ ಅಲ್ಲಿರಿ. ಭಾನುವಾರ ನಸುಕಿನಲ್ಲಿ ಕೋಡಿಬಾಗಕ್ಕೆ, ಅಂದರೆ ಕಾಳಿ ನದಿ ಸಮುದ್ರ ಸೇರುವ ದಂಡೆಗೆ ಹೋಗಿ. ಅಲ್ಲಿಂದ ಸೇತುವೆ ದಾಟಿದರೆ ಸದಾಶಿವಗಡದ ಗುಡ್ಡ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ, ಎರಡೂ ಒಂದೇ ನೋಟಕ್ಕೆ ಸಿಗುವ ಜಾಗ. ಇನ್ನೂ ಉತ್ತರಕ್ಕೆ ಮಾಜಾಳಿಯ ಬದಿಗೆ ತಿಳಮಾತಿ ಇದೆ. ಅಲ್ಲಿಯ ಮರಳು ಎಳ್ಳಿನಂತೆ ಕಪ್ಪು, ಹೆಸರೂ ಅದರಿಂದಲೇ. ಗುಡ್ಡದ ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ಕಪ್ಪು ಮರಳು ಬಿಳಿ ಮರಳಿಗಿಂತ ಬೇಗ ಕಾಯುತ್ತದೆ; ಒಂಬತ್ತರೊಳಗೆ ನೋಡಿ ಮರಳದಿದ್ದರೆ ಬರಿಗಾಲಲ್ಲಿ ನಿಲ್ಲಲಾಗದು.

ದೋಣಿಯ ಆಸೆ ಇದ್ದರೆ ಅದೂ ಬೆಳಗ್ಗೆಯೇ. ಬೇಸಿಗೆ, ಚಳಿಗಾಲಗಳಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಇದ್ದು ನೀರು ಶಾಂತವಾಗಿರುತ್ತದೆ. ನಡುಹಗಲ ಹೊತ್ತಿಗೆ ಸಮುದ್ರದ ಗಾಳಿ ಎದ್ದು ಅಲೆ ಒರಟಾಗುತ್ತದೆ. ಕುರುಮಗಡ ದ್ವೀಪಕ್ಕೋ ದೇವಬಾಗಕ್ಕೋ ಹೋಗುವವರು ಹತ್ತುವ ಮೊದಲು ತಲೆಗೊಂದು ಲೈಫ್ ಜಾಕೆಟ್ ಇದೆಯೇ ಎಂದು ಎಣಿಸಿ ನೋಡಬೇಕು. ಒಂದು ಕಡಿಮೆ ಇದ್ದರೂ ಹತ್ತಬೇಡಿ.

ಪ್ರಶ್ನೆ: ಕಾಳಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಹೋದೆವು. ಬೇರು, ಏಡಿ ಏನೂ ಕಾಣಲಿಲ್ಲ, ಬರೀ ನೀರು. ಯಾವಾಗ ಹೋಗಬೇಕು?
— ಸಪ್ತಾಪುರ, ಧಾರವಾಡ

ಉತ್ತರ: ನೀವು ಉಬ್ಬರದ ಹೊತ್ತಿಗೆ ಹೋಗಿದ್ದೀರಿ. ಕಾಂಡ್ಲಾ ನೋಡಬೇಕಾದದ್ದು ಇಳಿತದಲ್ಲಿ. ಕಾರವಾರದಲ್ಲಿ ದಿನಕ್ಕೆ ಎರಡು ಉಬ್ಬರ (ಕೊಂಕಣಿಯವರ ಬಾಯಲ್ಲಿ ಭರತಿ), ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹನ್ನೆರಡೂವರೆ ತಾಸಿಗೆ ಸ್ವಲ್ಪ ಕಡಿಮೆ, ಹಾಗಾಗಿ ದಿನದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ.

ಮನೆಯ ಗೋಡೆಯ ಪಂಚಾಂಗವೇ ಇದಕ್ಕೆ ಸಾಕು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿಗೆ. ಇಳಿತ ನಸುಕಿಗೆ ಮತ್ತು ಸಂಜೆಗೆ. ಅಷ್ಟಮಿಯ ಹೊತ್ತಿಗೆ ಇದು ತಿರುಗಿ, ಇಳಿತ ನಡುಹಗಲಿಗೆ ಬರುತ್ತದೆ. ಅಂದಮೇಲೆ ಬೆಳಗಿನ ತಂಪಿನಲ್ಲೇ ಇಳಿತ ಸಿಗಬೇಕಾದರೆ ಬಿದಿಗೆಯಿಂದ ಚೌತಿಯವರೆಗಿನ ದಿನಗಳನ್ನು ಆರಿಸಿ. ನೀರು ಅತಿ ಹೆಚ್ಚು ಏರಿಳಿಯುವುದೂ ಅದೇ ದಿನಗಳಲ್ಲಿ, ಎರಡು ಮೀಟರ್‌ನ ಸುಮಾರು. ಇದು ಅಂದಾಜಿನ ಲೆಕ್ಕ. ಹೊರಡುವ ಹಿಂದಿನ ದಿನ ಮೊಬೈಲಿನಲ್ಲಿ ಕಾರವಾರದ ಉಬ್ಬರ–ಇಳಿತದ ವೇಳೆ ನೋಡಿಕೊಳ್ಳಿ. ಇಳಿತದ ವೇಳೆಗಿಂತ ಒಂದು ತಾಸು ಮೊದಲೇ ಮುಟ್ಟಿದರೆ ನೀರು ಹಿಂದೆ ಸರಿಯುವುದನ್ನೂ ನೋಡಬಹುದು, ಕೆಸರಿಗೆ ಇಳಿಯುವ ಹಕ್ಕಿಗಳನ್ನೂ.

ಏನು ನೋಡಬೇಕು? ಆ ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಬೇರಿಗೆ ಉಸಿರು ಸಿಗುವುದಿಲ್ಲ. ಅದಕ್ಕೇ ಒಂದು ಜಾತಿ ಕಾಂಡದಿಂದಲೇ ಊರುಗೋಲಿನಂಥ ಬೇರು ಇಳಿಸಿ ನಿಂತಿದೆ. ಇನ್ನೊಂದು ನೆಲದಿಂದ ಮೇಲಕ್ಕೆ ಪೆನ್ಸಿಲ್ ಚುಚ್ಚಿದಂತೆ ಉಸಿರುಬೇರು ಎಬ್ಬಿಸಿದೆ. ಊರುಗೋಲಿನ ಜಾತಿಯಲ್ಲಿ ನುಗ್ಗೆಕಾಯಿಯಂತೆ ತೂಗುವುದು ಕಾಯಿ ಅಲ್ಲ, ಮರದ ಮೇಲೆಯೇ ಮೊಳೆತ ಸಸಿ. ಇಳಿತದಲ್ಲಿ ಬಿದ್ದರೆ ನೇರ ಕೆಸರಿಗೆ ನಾಟುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲಿ ಬೇರೆ ದಂಡೆ ಸೇರುತ್ತದೆ. ಉಸಿರುಬೇರಿನ ಜಾತಿಯ ಎಲೆಯನ್ನು ಕೀಳದೆ ಬೆರಳಿನಿಂದ ಸವರಿ ನಾಲಿಗೆಗೆ ಹಚ್ಚಿ ನೋಡಿ. ಉಪ್ಪು! ಹೀರಿದ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ಮಕ್ಕಳಿಗೆ ಇದನ್ನೊಂದು ತಪ್ಪದೆ ತೋರಿಸಿ. ಕಾಲುದಾರಿ ಬಿಟ್ಟು ಕೆಸರಿಗೆ ಇಳಿಯಬೇಡಿ. ತುಳಿದ ಉಸಿರುಬೇರು ಮುರಿಯುತ್ತದೆ, ಮೊಣಕಾಲವರೆಗೆ ಹೂತುಕೊಂಡ ಕಾಲನ್ನು ಕೀಳುವುದೂ ಸುಲಭವಲ್ಲ. ಮುಸ್ಸಂಜೆಗೆ ಸೊಳ್ಳೆ, ನುಸಿಗಳ ಕಾಟ ವಿಪರೀತ.

ಪ್ರಶ್ನೆ: ನಮ್ಮವ್ವಗ ಎಪ್ಪತ್ತೆರಡು ವರ್ಷ, ಮೊಣಕಾಲ ನೋವು ಐತ್ರಿ. ಸಮುದ್ರ ನೋಡಬೇಕು ಅಂತ ಭಾಳ ಆಸೆ. ಕರಕೊಂಡು ಹೋಗಬಹುದೇನ್ರಿ?
— ಬೆಟಗೇರಿ, ಗದಗ

ಉತ್ತರ: ಖಂಡಿತ ಕರೆದುಕೊಂಡು ಹೋಗಿರಿ. ಒಣ ಮರಳು ಕಾಲ ಕೆಳಗೆ ಜಾರುವುದರಿಂದ ಪ್ರತಿ ಹೆಜ್ಜೆಗೂ ಮೊಣಕಾಲು ತಿರುಚಿದಂತಾಗುತ್ತದೆ. ಅವ್ವನವರನ್ನು ಅದರಲ್ಲಿ ದೂರ ನಡೆಸಬೇಡಿ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಹಸಿ ಮರಳು ಗಟ್ಟಿಯಾಗಿ, ಹೆಚ್ಚು ಇಳಿಜಾರಿಲ್ಲದೆ ಇರುತ್ತದೆ. ಅಲ್ಲಿಯವರೆಗಿನ ಒಣ ಪಟ್ಟಿಯನ್ನು ಮಾತ್ರ ಕೈಹಿಡಿದು ದಾಟಿಸಿ. ಕೋಲಿನ ತುದಿಗೆ ಅಗಲವಾದ ರಬ್ಬರ್ ಬಿರಡೆ ಇರಲಿ, ಚೂಪು ತುದಿ ಮರಳಲ್ಲಿ ಇಳಿದುಬಿಡುತ್ತದೆ. ಮಡಚುವ ಕುರ್ಚಿ ಒಯ್ಯಿರಿ. ಮರಳಿನ ಮೇಲೆ ಕೆಳಗೆ ಕೂತವರು ಏಳುವುದೇ ಕಷ್ಟ. ಕುರ್ಚಿಯ ಕಾಲಡಿ ಹಲಗೆ ಇಟ್ಟರೆ ಹೂಳುವುದಿಲ್ಲ.

ಯುದ್ಧನೌಕೆಯೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು; ಅವರು ಹೊರಗಿನಿಂದ ನೋಡಿದರೆ ಸಾಕು. ತಿಳಮಾತಿ ಬೇಡ.

ನಿಮ್ಮ ಗದಗಿನ ಒಣ ಗಾಳಿಯಲ್ಲಿ ಬೆವರು ಬಂದಷ್ಟೇ ಬೇಗ ಆರಿ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬಾಯಾರಿಕೆ ಆಗಲಿ ಎಂದು ಕಾಯದೆ ತಾಸಿಗೊಮ್ಮೆ ನೀರೋ ಮಜ್ಜಿಗೆಯೋ ಕೊಡಿ. ತೆಳುವಾದ ಹತ್ತಿ ಸೀರೆ ಉಡಿಸಿ.

ಪ್ರಶ್ನೆ: ಮಕ್ಕಳಿಗೆ ಈಜು ಬರುತ್ತದೆ, ಕೆರೆಯಲ್ಲಿ ಕಲಿತಿದ್ದಾರೆ. ಸಮುದ್ರಕ್ಕೆ ಬಿಡಬಹುದೇ?
— ರಾಣೇಬೆನ್ನೂರು

ಉತ್ತರ: ಮೊಣಕಾಲು ಮಟ್ಟದವರೆಗೆ, ದೊಡ್ಡವರೊಬ್ಬರು ಜೊತೆಗಿದ್ದು. ಅದಕ್ಕಿಂತ ಮುಂದೆ ಬೇಡ. ಕೆರೆಯ ನೀರು ನಿಂತ ನೀರು, ಸುಸ್ತಾದವರು ತೇಲಿಕೊಂಡು ದಂಡೆಗೆ ಬರಬಹುದು. ಸಮುದ್ರದಲ್ಲಿ ದಂಡೆಗೆ ಬಂದ ನೀರು ಮರಳಿ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ; ಆ ಸೆಳವು ಒಳ್ಳೆಯ ಈಜುಗಾರನನ್ನೂ ಒಳಗೆ ಎಳೆಯುತ್ತದೆ. ಗುರುತು ಹೀಗಿದೆ: ಎರಡೂ ಕಡೆ ಬಿಳಿ ನೊರೆಯ ಅಲೆ ಮುರಿಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ನಯವಾಗಿ, ಕಪ್ಪಾಗಿ ಕಾಣುತ್ತದೆ. ಶಾಂತವಾಗಿದೆ ಎಂದು ಜನ ಇಳಿಯುವುದು ಅಲ್ಲಿಗೇ. ಸಿಕ್ಕಿಕೊಂಡರೆ ದಂಡೆಯತ್ತ ನೇರ ಈಜಬಾರದು, ಅದರಲ್ಲೇ ಶಕ್ತಿ ಮುಗಿದು ಮುಳುಗುತ್ತಾರೆ. ದಂಡೆಗೆ ಸಮನಾಗಿ, ಎಡಕ್ಕೋ ಬಲಕ್ಕೋ ಈಜಿ ಆ ಪಟ್ಟಿಯಿಂದ ಹೊರಬಿದ್ದು, ಆಮೇಲೆ ಅಲೆಯ ಜೊತೆಗೆ ಬರಬೇಕು. ಈಜಲಾಗದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಬೇಕು. ರಕ್ಷಿಸಲು ಇನ್ನೊಬ್ಬರು ಬರಿಗೈಲಿ ಧುಮುಕಬೇಡಿ. ಹಗ್ಗ, ಟ್ಯೂಬು, ಖಾಲಿ ಕ್ಯಾನು, ಏನಾದರೂ ತೇಲುವುದನ್ನು ಎಸೆಯಿರಿ, 112ಕ್ಕೆ ಕರೆ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ.

ಲೋಳೆಮೀನು ಕುಟುಕಿದರೆ ಮರಳಿನಿಂದ ಉಜ್ಜಬಾರದು, ಸಿಹಿನೀರು ಹಾಕಬಾರದು. ಎರಡರಿಂದಲೂ ಉಳಿದ ಕುಟುಕುಕಣಗಳು ಸಿಡಿಯುತ್ತವೆ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ್ದನ್ನು ಚಿಮ್ಮಟದಿಂದ ತೆಗೆದು, ಆ ಬಳಿಕ ತಾಳಬಲ್ಲಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಿ. ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಕಾರವಾರದ ದಂಡೆಯ ಗಾಳಿಮರ ಮತ್ತು ಸುರಹೊನ್ನೆ ನಮ್ಮ ಹೊಲದ ಮನೆ ಮುಂದೆ ಬೆಳೆಸಬೇಕೆಂದಿದ್ದೇನೆ. ನಮ್ಮದು ಎರೆ ಮಣ್ಣು. ಬರುತ್ತದೆಯೇ?
— ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಗಾಳಿಮರ ನಮ್ಮ ಕರಾವಳಿಯ ಮೂಲದ್ದಲ್ಲ. ಇದರ ನೆಡುತೋಪು ಕಾರವಾರದ ಮರಳಿನಲ್ಲಿ 1868ರ ಸುಮಾರಿಗೆ ಶುರುವಾಯಿತು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದುಕೊಡುವುದರಿಂದ ಬಡ ಮರಳಿನಲ್ಲೂ ಬೆಳೆಯುತ್ತದೆ. ಎರೆ ಮಣ್ಣಿನದು ಬೇರೆಯೇ ಸ್ವಭಾವ: ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಮೇಲಾಗಿ ಗಾಳಿಮರದ ಉದುರಿದ ಸೂಜಿಯೆಲೆಯ ಹಾಸಿನಡಿ ಬೇರೇನೂ ಸುಲಭಕ್ಕೆ ಮೊಳೆಯದು. ಇದನ್ನು ಬಿಡಿ.

ಸುರಹೊನ್ನೆ ಪ್ರಯತ್ನಿಸಬಹುದು. ಮರದಡಿ ಬಿದ್ದ ಬೀಜ ನಾಲ್ಕೈದು ಸಾಕು. ಗಟ್ಟಿ ಚಿಪ್ಪಿನ ಸಮೇತ ಹಾಕಿದರೆ ಮೊಳೆಯಲು ಎರಡು ತಿಂಗಳು ಹಿಡಿಯುತ್ತದೆ. ತಿರುಳಿಗೆ ಪೆಟ್ಟಾಗದಂತೆ ಚಿಪ್ಪು ಒಡೆದು ತೆಗೆದರೆ ಮೂರು ವಾರಕ್ಕೆ ಮೊಳೆಯುತ್ತದೆ. ಚೀಲದಲ್ಲಿ ಮೊಣಕಾಲೆತ್ತರ ಆಗುವವರೆಗೆ ಬೆಳೆಸಿ. ನೆಡುವಾಗ ಎರೆ ಹೊಲದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಆಳವಾದ ಗುಂಡಿ ತೋಡಿ ಒಳಗೆ ಸಡಿಲ ಮಣ್ಣು, ಗೊಬ್ಬರ ತುಂಬುವುದು. ಸುತ್ತಲಿನ ಎರೆ ನೀರು ಬಿಟ್ಟುಕೊಡದೆ ಆ ಗುಂಡಿ ಹರಿವಾಣದಂತಾಗಿ, ಸಸಿ ಒಳಗೇ ಕೊಳೆಯುತ್ತದೆ. ಬದಲಿಗೆ ನೆಲದ ಮೇಲೆಯೇ ಒಂದು ಅಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಳೆತ ಸಗಣಿ ಗೊಬ್ಬರ. ದಿಬ್ಬದ ತಲೆಗೆ ಸಸಿ ನೆಟ್ಟು, ಬುಡದಿಂದ ಅರ್ಧ ಅಡಿ ಬಿಟ್ಟು ಜೋಳದ ದಂಟು ಹಾಸಿ. ಮೊದಲ ಮೂರು ಬೇಸಿಗೆ ವಾರಕ್ಕೆರಡು ಸಲ ಹತ್ತು ಲೀಟರ್ ನೀರು. ಗೋಡೆಯಿಂದ ಇಪ್ಪತ್ತು ಅಡಿ ದೂರ ಇರಲಿ. ನಿಧಾನದ ಮರ, ಅವಸರ ಬೇಡ.

ಕರಾವಳಿಯ ನೆನಪಿನ ಮರವೇ ಬೇಕೆಂದರೆ ಹೊಂಗೆ ಇನ್ನೂ ಒಳ್ಳೆಯದು. ಕಡಲ ಅಳಿವೆಗಳ ದಂಡೆಯಲ್ಲೂ ಅದೇ ಇದೆ, ನಿಮ್ಮ ಹಳ್ಳದ ದಂಡೆಯಲ್ಲೂ ಅದೇ ಇದೆ. ಎರೆಯನ್ನು ಸಹಿಸುತ್ತದೆ, ಬೇಸಿಗೆಗೆ ಸರಿಯಾಗಿ ಹೊಸ ಎಲೆ ಬಿಡುತ್ತದೆ. ಮರಳಿನ ಮೇಲೆ ಹಬ್ಬಿದ, ಮೇಕೆ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿಯನ್ನು ಮಾತ್ರ ಕಿತ್ತು ತರಬೇಡಿ. ದಂಡೆಯ ಮರಳನ್ನು ಹಿಡಿದಿಟ್ಟಿರುವುದು ಅದೇ.

ಪ್ರಶ್ನೆ: ಧಾರವಾಡಕ್ಕೂ ಕಾರವಾರಕ್ಕೂ ಹಳೆಯ ನಂಟು ಎನ್ನುತ್ತಾರೆ, ಏನದು?
— ಮಾಳಮಡ್ಡಿ, ಧಾರವಾಡ

ಉತ್ತರ: ಹತ್ತಿಯ ನಂಟು. ನಮ್ಮ ಎರೆ ಹೊಲಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ’ ಹತ್ತಿ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಟಾಗೋರರು ಬಂದದ್ದು ಅನಂತರ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಆಗವರಿಗೆ ಇಪ್ಪತ್ತೆರಡರ ಆಸುಪಾಸು.

ಪ್ರಶ್ನೆ: ಮಳೆಗಾಲದ ಹಸಿರು ನೋಡಲು ಜುಲೈನಲ್ಲಿ ಹೋಗಬಹುದೇ? ಡ್ರೋನ್ ಒಯ್ಯಬಹುದೇ?
— ಕಾಲೇಜು ವಿದ್ಯಾರ್ಥಿಗಳು, ಹಾವೇರಿ

ಉತ್ತರ: ಡ್ರೋನ್ ಮನೆಯಲ್ಲೇ ಬಿಡಿ. ಅರ್ಗಾದಲ್ಲಿ ನೌಕಾನೆಲೆ ಇದೆ (ಐಎನ್‌ಎಸ್ ಕದಂಬ, 2005ರಿಂದ). ಅದರ ಸುತ್ತ ಹಾರಿಸುವುದೂ, ಕ್ಯಾಮೆರಾ ಹಿಡಿಯುವುದೂ ಅಪರಾಧವಾಗುತ್ತದೆ. ಅಂಜುದೀವ ದ್ವೀಪ ನೌಕಾಪಡೆಯದು, ಅಲ್ಲಿಗೆ ಕರೆದೊಯ್ಯುತ್ತೇನೆ ಎನ್ನುವವರನ್ನು ನಂಬಬೇಡಿ. ಬೈತಕೋಲದ ಬಂದರಿನೊಳಗೆ ಅನುಮತಿ ಇಲ್ಲದೆ ಹೋಗಲಾಗದು. ಹೊರಗಿನಿಂದ ಮೀನುದೋಣಿಗಳನ್ನು ನೋಡಬಹುದು.

ಜುಲೈ ಬೇಡ ಎಂಬುದೇ ನಮ್ಮ ಸಲಹೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳು ಹೋದವು. ಅದೇ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಹಾಗಾಗಿ ತಾಜಾ ಮೀನೂಟದ ಆಸೆಯೂ ಪೂರ್ತಿ ಈಡೇರದು. ಹಸಿರೇ ಬೇಕಾದರೆ ಅಕ್ಟೋಬರ್ ನಡುವಿನಲ್ಲಿ ಹೋಗಿ: ಮಳೆ ಇಳಿದಿರುತ್ತದೆ, ಘಟ್ಟ ಇನ್ನೂ ಒಣಗಿರುವುದಿಲ್ಲ. ಹಾನಗಲ್ಲು–ಶಿರಸಿ ಮೂಲಕ ಹೋಗುವವರು ಕುಮಟಾ ಕಡೆಯ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಶಿರಸಿ ಬಸ್ ನಿಲ್ದಾಣದಲ್ಲಿ ಕೇಳಿಕೊಂಡೇ ಮುಂದೆ ಹೊರಡಿ. ಯಾವ ಘಟ್ಟದಲ್ಲೇ ಆಗಲಿ, ಮಳೆ ಬೀಳುತ್ತಿರುವಾಗ ಹೊಸದಾಗಿ ಕಡಿದ ಗುಡ್ಡದ ಕೆಳಗೆ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ.