ವಿಜಯಪುರದ ನಮ್ಮ ಮನೆಯ ಬಾತುಕೋಳಿ ಬಾಯಿ ತೆರೆದು ಕಷ್ಟಪಟ್ಟು ಉಸಿರಾಡುತ್ತಿದೆ. ಮನೆಯಲ್ಲೇ ಏನು ಮಾಡಬಹುದು?

ಮನೆಯಲ್ಲಿ ಅದರ ಕಷ್ಟ ಕಡಿಮೆ ಮಾಡಬಹುದು, ರೋಗ ವಾಸಿ ಮಾಡಲು ಆಗುವುದಿಲ್ಲ. ಗಾಳಿಯಾಡುವ, ಗದ್ದಲವಿಲ್ಲದ ನೆರಳಿಗೆ ಒಯ್ಯಿರಿ. ಒಲೆ, ಊದುಬತ್ತಿ ಹೊಗೆ ಬೇಡವೇ ಬೇಡ. ನಿಮ್ಮೂರಿನ 40 ಡಿಗ್ರಿ ಬಿಸಿಲಿಗೆ ಬರೀ ಏದುಸಿರು ಬಂದಿದ್ದರೆ ತಂಪಿನಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಇವತ್ತೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಎತ್ತುವಾಗ ಎದೆ ಅದುಮಬೇಡಿ. ಉಸಿರೆಳೆಯಲು ನಮಗಿರುವಂಥ ವಪೆ, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ, ಹಕ್ಕಿಗಿಲ್ಲ. ಎದೆಗೂಡು ಹಿಗ್ಗಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿ ಶ್ವಾಸಕೋಶ ದಾಟಿ ಮೈಯೊಳಗಿನ ತೆಳುವಾದ ಗಾಳಿಚೀಲಗಳಿಗೂ ತಲುಪುತ್ತದೆ. ಹಾಗಾಗಿ ಬೂಷ್ಟಿನ ಧೂಳು ಕೂಡ ಅಷ್ಟು ಆಳಕ್ಕೆ ಇಳಿದು ಅಲ್ಲೇ ಬೆಳೆಯುತ್ತದೆ. ಹಾಸಿದ ಕಣಿಕೆ ನೆನೆದಿದೆಯಾ, ಮೆಕ್ಕೆಜೋಳ ಮುಗ್ಗಿದೆಯಾ ನೋಡಿ, ಇದ್ದರೆ ಪೂರ್ತಿ ಬದಲಿಸಿ. ಬೂಷ್ಟಿನ ರೋಗಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಸುಮ್ನೆ ಅಂಗಡಿಯಿಂದ ತಂದು ಹಾಕಬೇಡಿ.

ಬಾಯಿಗೆ ನೀರು, ಎಣ್ಣೆ ಹುಯ್ಯಲೇಬೇಡಿ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೇರ ಒಳಗೆ ಹೋಗಿ ಜೀವಕ್ಕೇ ಅಪಾಯ. ಮೂಗಿನ ಹೊಳ್ಳೆ ಮುಳುಗುವಷ್ಟು ನೀರು ಬೋಗುಣಿಯಲ್ಲಿಡಿ, ತಾನೇ ಕುಡಿದು ಮೂಗು ತೊಳೆದುಕೊಳ್ಳುತ್ತದೆ.

ಬೇರೆ ಕೋಳಿ, ಬಾತುಗಳೂ ಸಾಯುತ್ತಿದ್ದರೆ ಹಕ್ಕಿಜ್ವರವಿರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ.