ಗಾಡಿ ಎಳೆಯುತ್ತಿಲ್ಲ, ಗೇರ್ ಬೀಳುತ್ತಿಲ್ಲ

ಪ್ರಶ್ನೆ: ನಮ್ಮದು 2008ರ ಡೀಸೆಲ್ ಪಿಕಪ್, ಟರ್ಬೊ ಇದೆ. ಮಂಡ್ಯದಿಂದ 50 ಕೆಜಿಯ 20 ಮೂಟೆ ಪಶು ಆಹಾರ ಹಾಕಿಕೊಂಡು ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರು ಹತ್ತಿದರೆ ಗಾಡಿ ಎಳೆಯುವುದೇ ಇಲ್ಲ, ಕಪ್ಪು ಹೊಗೆ ಬರುತ್ತದೆ. ಫಸ್ಟ್, ರಿವರ್ಸ್ ಹಾಕುವಾಗ ಕರಕರ ಎನ್ನುತ್ತದೆ. ಕ್ಲಚ್ ಎರಡು ಮೂರು ಸಲ ತುಳಿದರೆ ಬೀಳುತ್ತದೆ. ಗೇರ್ ಬಾಕ್ಸ್ ಇಳಿಸಬೇಕು, ಡೀಸೆಲ್ ಪಂಪ್ ಬಿಚ್ಚಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಎರಡನ್ನೂ ಈಗಲೇ ಬಿಚ್ಚಿಸಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಇವು ಬೇರೆ ಬೇರೆ ತೊಂದರೆಗಳು, ಎರಡೂ ಹೊರಗಿನಿಂದಲೇ ಸರಿಹೋಗುವ ಸಾಧ್ಯತೆ ಹೆಚ್ಚು.

ಗೇರಿನದು ಮೊದಲು. ಎಂಜಿನ್ ಆಫ್ ಮಾಡಿ ಎಲ್ಲ ಗೇರನ್ನೂ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದ ಮೇಲೆ ಮಾತ್ರ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ; ಪೆಡಲ್ ಒತ್ತಿದರೂ ಕ್ಲಚ್ ಪ್ಲೇಟು ಎಂಜಿನ್ನಿನ ಫ್ಲೈವೀಲ್ ಜೊತೆ ತಿರುಗುತ್ತಲೇ ಇದೆ. ‘ಎರಡು ಮೂರು ಸಲ ತುಳಿದರೆ ಬೀಳುತ್ತದೆ’ ಎಂದಿದ್ದೀರಲ್ಲ, ಅದೇ ಒಳ್ಳೆಯ ಸುಳಿವು: ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ಫ್ಲೂಯಿಡ್ ಲೈನಿಗೆ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಸೀಲ್ ಸವೆದಿದೆ. ಗಾಡಿ ಕೆಳಗೆ ಹೋಗಿ ಸ್ಲೇವ್ ಸಿಲಿಂಡರಿನ (ಗೇರ್ ಬಾಕ್ಸ್ ಪಕ್ಕದಲ್ಲಿ ಕ್ಲಚ್ ಒತ್ತುವ ಸಿಲಿಂಡರ್) ತುದಿಯ ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿ. ಒಳಗೆ ಒದ್ದೆ ಇದ್ದರೆ ಅದರ ಸೀಲ್ ಹೋಗಿದೆ. ಪೆಡಲ್ ಮೇಲ್ಭಾಗದಲ್ಲಿ ಸೋರಿದ ಗುರುತಿದ್ದರೆ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನದು. ಎಲ್ಲೂ ಒದ್ದೆಯಿಲ್ಲದೆಯೂ ಮಾಸ್ಟರ್ ಒಳಗೇ ಒತ್ತಡ ಬಿಟ್ಟುಕೊಡುವುದುಂಟು.

ಸೀಲ್ ಕಿಟ್ ಹಾಕಿದ ಮೇಲೆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಲಿ. ಆಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೂ ಮಾಡಿ, ನಡುವೆ ಫ್ಲೂಯಿಡ್ ಡಬ್ಬ ಖಾಲಿಯಾಗಲು ಬಿಡಬೇಡಿ. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಫ್ಲೂಯಿಡ್ಡನ್ನೇ ಹಾಕಿ. ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಸುರಿದರೆ ರಬ್ಬರುಗಳೆಲ್ಲ ಊದಿಕೊಂಡು ಹೊಸ ಕಿಟ್ಟೂ ಹಾಳು.

ಇಷ್ಟಾದರೂ ಕರಕರ ಹೋಗದಿದ್ದರೆ ಆಗ ಗೇರ್ ಬಾಕ್ಸ್ ಇಳಿಸಿ ಪ್ಲೇಟು, ಪ್ರೆಷರ್ ಪ್ಲೇಟು, ಪೈಲಟ್ ಬೇರಿಂಗ್ ನೋಡಿಸಿ. ಎಂಜಿನ್ ಆಫ್ ಇದ್ದಾಗಲೂ ಗೇರ್ ಬಿಗಿಯಿದ್ದರೆ ಲಿವರ್ ಕೆಳಗಿನ ಬುಷ್, ಗೇರ್ ಆಯಿಲ್ ಕಡೆ ನೋಡಿ. ಆಯಿಲ್ ಬಸಿಯುವಾಗ ಬಿರಡೆಗೆ ಬೂದು ಬಣ್ಣದ ನುಣುಪು ಪುಡಿ ಅಂಟಿದ್ದರೆ ಹೆದರಬೇಡಿ. ಆಯಿಲ್‌ನಲ್ಲಿ ಹಿತ್ತಾಳೆ ಬಣ್ಣದ ಚೂರು ಬಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಸವೆದಿದೆ ಎಂದೇ ತಿಳಿಯಿರಿ.

ಈಗ ಎಳೆತ. ಲೋಡ್ ಇರುವಾಗ ಫೋರ್ತ್ ಗೇರಿನಲ್ಲಿ ಪೂರ್ತಿ ಎಕ್ಸಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ಗಾಡಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್, ಅಂದರೆ ಪ್ಲೇಟು ಹಿಡಿಯದೆ ಜಾರುತ್ತಿದೆ. ಸದ್ದೇ ಏರದಿದ್ದರೆ ಎಂಜಿನ್ನಿಗೆ ಬನ್ನಿ. ಕಪ್ಪು ಹೊಗೆ ಎಂದರೆ ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಸಾಲದು. ಆದ್ದರಿಂದ ಪಂಪಿಗೆ ಕೈ ಹಾಕುವ ಮೊದಲು ಏರ್ ಫಿಲ್ಟರ್ ತೆಗೆದು ಒಳಗೆ ಟಾರ್ಚ್ ಹಿಡಿಯಿರಿ. ಬೆಳಕು ಹೊರಗೆ ಕಾಣದಿದ್ದರೆ ಬದಲಿಸಿ. ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೆಯಬಾರದು. ಕಬ್ಬಿನ ಗದ್ದೆಯ ಮಣ್ಣು ದಾರಿಯಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್‌ವರೆಗೆ ಕಾಯುವುದೂ ಬೇಡ.

ಆಮೇಲೆ ಟರ್ಬೊ ಹೋಸ್, ಅಂದರೆ ಟರ್ಬೊ ಒತ್ತಿ ಕಳಿಸುವ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಕೊಳವೆ. ನಮ್ಮ ಅನುಮಾನ ಹೆಚ್ಚಾಗಿ ಇದರ ಮೇಲೆಯೇ. ಹೋಸ್ ಸೀಳುವುದು ಕೆಳಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲಿ. ಗಾಡಿ ನಿಂತಾಗ ಸೀಳು ಮುಚ್ಚಿಕೊಂಡಿರುತ್ತದೆ, ಏರಿನಲ್ಲಿ ಒತ್ತಡ ಬಂದಾಗ ಬಾಯಿ ಬಿಟ್ಟು ಗಾಳಿಯೆಲ್ಲ ಹೊರಗೆ. ಎಂಜಿನ್ ತಣ್ಣಗಾದ ಮೇಲೆ ಕಳಚಿ ಬಗ್ಗಿಸಿ ನೋಡಿ; ಎಣ್ಣೆ ಮೆತ್ತಿದ ಕಪ್ಪು ಧೂಳು ಗೆರೆಯಾಗಿ ಕಟ್ಟಿದ್ದರೆ ಸೀಳು ಅಲ್ಲೇ. ಟೇಪ್ ಸುತ್ತಿದರೆ ಲೋಡಿಗೆ ನಿಲ್ಲುವುದಿಲ್ಲ, ಹೊಸದೇ ಹಾಕಿ. ಹೋಸ್ ಬಿಚ್ಚಿದಾಗಲೇ ಟರ್ಬೊ ಶಾಫ್ಟ್ ಅಲ್ಲಾಡಿಸಿ: ಪಕ್ಕಕ್ಕೆ ತುಸು ಆಡಬಹುದು, ಹಿಂದೆ ಮುಂದೆ ಆಡಬಾರದು. ಇವೆಲ್ಲ ಸರಿಯಿದ್ದರೆ ಮಾತ್ರ ಡೀಸೆಲ್ ಚಿಮ್ಮಿಸುವ ನಾಜಲ್ ಟೆಸ್ಟ್ ಮಾಡಿಸಿ, ಪಂಪ್ ಕೊನೆಗೆ.

ಪ್ರಶ್ನೆ: ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಪಿಕಪ್ ಸ್ಟಾರ್ಟ್ ಆಗಿ ತಕ್ಷಣ ನಿಲ್ಲುತ್ತದೆ.
– ಓದುಗರು, ಮೈಸೂರು

ಉತ್ತರ: ಡೀಸೆಲ್ ಲೈನಿನಲ್ಲಿ ಗಾಳಿ ಉಳಿದಿದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಹೊಡೆದು ಬಿಗಿ ಮಾಡಿ. ಮರುದಿನ ಮತ್ತೆ ಹಾಗೇ ಆದರೆ ಹಳೇ ತಾಮ್ರದ ವಾಷರನ್ನೇ ಹಾಕಿದ್ದಾರೇನೋ ನೋಡಿ. ಅದು ಗಾಳಿ ಎಳೆಯುತ್ತದೆ.