ಲಂಡನ್‌ನಿಂದ ಪ್ಯಾರಿಸ್‌ಗೆ ಕಾರಿನಲ್ಲಿ ಹೋಗುವಾಗ ಟನಲ್ ರೈಲು ಒಳ್ಳೆಯದೋ, ಹಡಗು ಒಳ್ಳೆಯದೋ?

ನಮಸ್ಕಾರ. ನಾನು ಮಂಡ್ಯದವನು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು, ಯಾಕಂದ್ರೆ ಇದೇ ಲೆಕ್ಕಾಚಾರ ನಮ್ಮ ಮನೆಯಲ್ಲೂ ನಡೆದಿತ್ತು. ನೀವು ದಂಪತಿ ಮೈಸೂರಿನಿಂದ, ಜೊತೆಗೆ 74 ವರ್ಷದ ನಿಮ್ಮ ಅತ್ತೆಯವರು, ಮೇ ಕೊನೆಯಲ್ಲಿ ಲಂಡನ್‌ಗೆ ಮಗನ ಮನೆಗೆ ಹೋಗುತ್ತಿದ್ದೀರಿ. ಅಲ್ಲಿಂದ ಮಗನ ಕಾರಿನಲ್ಲೇ ಪ್ಯಾರಿಸ್. ಮಗ ಟನಲ್ ಅಂತಾನೆ, ಅಂದ್ರೆ ಸಮುದ್ರದ ಅಡಿಯ ಸುರಂಗದಲ್ಲಿ ಕಾರನ್ನೇ ಹೊತ್ತು ಹೋಗೋ ರೈಲು. ಅತ್ತೆಗೆ ಸಮುದ್ರದ ಅಡಿಯಲ್ಲಿ ಹೋಗೋದು ಅಂದ್ರೆ ಭಯ, ಮಂಡಿ ನೋವು ಬೇರೆ. ನಿಮಗೆ ಹಡಗಿನಲ್ಲಿ ವಾಂತಿ ಆಗಬಹುದು ಅನ್ನೋ ಚಿಂತೆ.

ಹೋಗುವಾಗ ಟನಲ್, ಬರುವಾಗ ಹಡಗು. ಇದು ನನ್ನ ಉತ್ತರ. ಎರಡಕ್ಕೂ ಒಂದು ಕಡೆಯ ಟಿಕೆಟ್ ಸಿಗುತ್ತೆ. ಒಂದನ್ನೇ ಆರಿಸಬೇಕು ಅಂದ್ರೆ ಹಡಗು, ಅದೂ ಹಗಲು ಹೊತ್ತಿನದು. ಯಾಕೆ ಅಂತ ಹೇಳೋಕೆ ನಮ್ಮ ಅಮ್ಮನ ವಿಷಯ ಹೇಳಬೇಕು.

ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮೂವತ್ತು ವರ್ಷಕ್ಕೂ ಜಾಸ್ತಿ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಹಳ್ಳಿಗಳಲ್ಲೇ ಪಾಠ ಮಾಡಿದರು. ನೀರು ಅಂದ್ರೆ ಅವರಿಗೆ ಕಾವೇರಿ, ಕನ್ನಂಬಾಡಿ ಕಟ್ಟೆ, ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ). ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋದಾಗ. ಅವತ್ತು ಮಕ್ಕಳು ನೀರಿಗೆ ಇಳಿಯದ ಹಾಗೆ ಕಾಯೋದು, ತಲೆ ಎಣಿಸೋದು, ಇದರಲ್ಲೇ ಹೊತ್ತು ಹೋಯಿತಂತೆ. ಸಮುದ್ರದ ಕಡೆ ತಿರುಗಿ ನೋಡೋಕೂ ಆಗಲಿಲ್ಲ ಅಂತ ಎಷ್ಟೋ ಸಲ ಹೇಳಿದ್ದಾರೆ.

ಅಕ್ಕ, ಭಾವ ಇಂಗ್ಲೆಂಡಿನಲ್ಲಿದ್ದಾರೆ. ನಾನೂ ಅಮ್ಮನೂ ಹೋಗಿದ್ದಾಗ ಭಾವ ಎರಡೂ ಕಡೆಗೆ ಟನಲ್ ಬುಕ್ ಮಾಡಿದ್ದರು. "ಇಂಗ್ಲಿಷ್ ಚಾನಲ್ ದಾಟಿ ಫ್ರಾನ್ಸ್‌ಗೆ ಹೋಗ್ತೀವಿ ಕಣಮ್ಮ" ಅಂತ ಅಕ್ಕ ಫೋನಿನಲ್ಲಿ ಹೇಳಿದ್ದಳು. ನಮ್ಮ ಕಡೆ ಚಾನಲ್ ಅಂದ್ರೆ ನಾಲೆ ಅಲ್ವಾ? ಅದು ನಾಲೆಯಲ್ಲ, ಸಮುದ್ರವೇ, ತೀರಾ ಕಿರಿದಾದ ಜಾಗದಲ್ಲೂ 33 ಕಿಲೋಮೀಟರ್ ಅಗಲ ಅಂತ ನಾನು ವಿವರಿಸಿದೆ. ಆಮೇಲೆ ಅಮ್ಮ ದಿನಾ ಅದನ್ನೇ ಕೇಳೋರು.

ಟನಲ್ ರೈಲು ಹತ್ತೋದು ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ. ಟೋಲ್ ಗೇಟಿನ ಥರ ಬೂತ್‌ಗಳಿವೆ. ಅಲ್ಲೇ ಫ್ರಾನ್ಸ್‌ನ ಪೊಲೀಸರು ಪಾಸ್‌ಪೋರ್ಟ್ ನೋಡಿಬಿಡುತ್ತಾರೆ, ಆ ಕಡೆ ಇಳಿದ ಮೇಲೆ ಮತ್ತೆ ನಿಲ್ಲೋದಿಲ್ಲ. ಸುರಂಗದೊಳಗೆ ನಾವೇ ಕಾರು ಓಡಿಸೋ ಹಾಗಿಲ್ಲ, ಒಳಗೆ ರಸ್ತೆಯೇ ಇಲ್ಲ. ರೈಲಿನ ಪಕ್ಕದಿಂದ ಕಾರನ್ನು ಒಳಗೆ ಹತ್ತಿಸಿ, ಬೋಗಿಯಿಂದ ಬೋಗಿಗೆ ಓಡಿಸಿಕೊಂಡೇ ಹೋಗಿ, ತೋರಿಸಿದ ಕಡೆ ನಿಲ್ಲಿಸಬೇಕು. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಕಿಟಕಿ ಸ್ವಲ್ಪ ಇಳಿಸಿ ಅಂತಾರೆ. ಕಾರಿನಲ್ಲೇ ಕೂತಿರಬಹುದು, ಇಳಿದು ಪಕ್ಕದಲ್ಲಿ ನಿಲ್ಲಲೂಬಹುದು. ಕಿವಿ ಒಂಚೂರು ಕಟ್ಟುತ್ತೆ. 35 ನಿಮಿಷಕ್ಕೆ ಫ್ರಾನ್ಸ್. ಮಂಡಿ ನೋವಿನವರಿಗೆ ಇದಕ್ಕಿಂತ ಸುಖದ ದಾರಿ ಇಲ್ಲ ಅನ್ನೋದು ನಿಜ.

ಅಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ದೂರದ್ದು ನೋಡೋ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಿದ್ದರು. ಆ ಕಡೆ ಇಳಿದು ಫ್ರಾನ್ಸ್‌ನ ಹೆದ್ದಾರಿಗೆ ಸೇರಿ ಹತ್ತು ನಿಮಿಷ ಆಗಿರಬೇಕು. "ಸಮುದ್ರ ಯಾವಾಗ ಬತ್ತದೆ?" ಅಂತ ಕೇಳಿದರು. ಭಾವ ಮೆಲ್ಲಗೆ, "ದಾಟಾಯ್ತು ಅತ್ತೆ" ಅಂದರು. ಅಮ್ಮ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಟಪ್ ಅಂತ ಮುಚ್ಚಿದರು. ಕಾರಿನಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ.

ಅವತ್ತು ರಾತ್ರಿಯೇ ಭಾವ ವಾಪಸ್ಸಿನ ಟಿಕೆಟ್ ಬಿಟ್ಟು ಫ್ರಾನ್ಸ್‌ನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರ್‌ಗೆ ಹಡಗು ಬುಕ್ ಮಾಡಿದರು.

ಹಡಗಿನ ದಾರಿ ಸುಮಾರು ಒಂದೂವರೆ ಗಂಟೆ. ಕಾರು ಕೆಳಗಿನ ಅಂತಸ್ತಿನಲ್ಲಿ ನಿಲ್ಲಿಸಿ ಮೇಲೆ ಹೋಗಬೇಕು, ಹಡಗು ಹೊರಟ ಮೇಲೆ ಕಾರಿನ ಹತ್ತಿರ ಬಿಡೋದಿಲ್ಲ. ಮೇಲೆ ಊಟದ ಜಾಗ, ಅಂಗಡಿ, ದೊಡ್ಡ ದೊಡ್ಡ ಗಾಜಿನ ಕಿಟಕಿ, ಹೊರಗೆ ತೆರೆದ ಡೆಕ್. ಅಮ್ಮ ಒಳಗೆ ಕೂರಲೇ ಇಲ್ಲ. ಅಲ್ಲಿ ಸಮುದ್ರ ಖಾಲಿ ಇರೋದಿಲ್ಲ, ಪ್ರಪಂಚದಲ್ಲೇ ತುಂಬಾ ಓಡಾಟ ಇರೋ ಹಡಗಿನ ದಾರಿಗಳಲ್ಲಿ ಅದೂ ಒಂದು. ಸರಕು ಹಡಗುಗಳು ಒಂದರ ಹಿಂದೆ ಒಂದು ನಮಗೆ ಅಡ್ಡವಾಗಿ ಸಾಗುತ್ತಿದ್ದವು. ಅರ್ಧ ದಾರಿ ದಾಟಿದ ಮೇಲೆ ಇಂಗ್ಲೆಂಡಿನ ದಡ ಮೊದಲು ಒಂದು ಬಿಳಿ ಗೆರೆ ಥರ ಕಂಡಿತು. ನೋಡನೋಡುತ್ತಾ ಅದು ಗೋಡೆಯಾಯಿತು. ಕೆಲವು ಕಡೆ ನೂರು ಮೀಟರ್‌ಗೂ ಎತ್ತರ, ನೆಟ್ಟಗೆ ಕತ್ತರಿಸಿಟ್ಟ ಹಾಗೆ.

"ಅದ್ಯಾವ ಕಲ್ಲೋ, ಅಷ್ಟು ಬೆಳ್ಳಗೈತಲ್ಲ?" ಅಂದರು ಅಮ್ಮ.

"ಅಮ್ಮ, ಅದು ಸೀಮೆಸುಣ್ಣದ ಕಲ್ಲು. ಇಡೀ ಗುಡ್ಡವೇ ಸೀಮೆಸುಣ್ಣ."

ಅಮ್ಮ ಕಂಬಿ ಹಿಡಿದಿದ್ದ ಕೈ ಬಿಟ್ಟು, ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜಿದರು. ಬೋರ್ಡ್ ಮೇಲೆ ಬರೆದು ಮುಗಿಸಿ ಬೆರಳಿನ ಪುಡಿ ಉದುರಿಸುವಾಗ ಹಾಗೇ ಮಾಡುತ್ತಿದ್ದರು. ಚಿಕ್ಕವನಿದ್ದಾಗ ದಿನಾ ನೋಡಿದ್ದೆ. ಕಾರಿಗೆ ವಾಪಸ್ ಹೋಗಿ ಅಂತ ಮೈಕಿನಲ್ಲಿ ಹೇಳಿದರೂ ಅವರು ಅಲ್ಲಿಂದ ಕದಲಲಿಲ್ಲ. ಅಕ್ಕ ಎರಡು ಸಲ ಕರೆಯಬೇಕಾಯಿತು.

ಹಾಗಾಗಿ ಬರುವಾಗ ಹಡಗು ಅಂದಿದ್ದು. ಹೋಗುವಾಗ ಆ ಬಂಡೆಗಳು ಬೆನ್ನ ಹಿಂದೆ ಸಣ್ಣದಾಗುತ್ತಾ ಹೋಗುತ್ತವೆ. ಬರುವಾಗ ನಮ್ಮ ಕಡೆಗೇ ಬೆಳೆಯುತ್ತಾ ಬರುತ್ತವೆ.

ಈಗ ಅತ್ತೆಯವರ ಭಯದ ವಿಷಯ. ಮೇಲೆ ನೀರು, ಕೆಳಗೆ ನಾವು ಅಂತ ಅವರು ಅಂದುಕೊಂಡಿರಬಹುದು. ಹಾಗಲ್ಲ. ಸುರಂಗ ಇರೋದು ಸಮುದ್ರದ ನೆಲದಿಂದ ಇನ್ನೂ ಎಷ್ಟೋ ಕೆಳಗೆ, ಹೆಚ್ಚಿನ ಕಡೆ 40 ಮೀಟರ್ ಆಸುಪಾಸು. ಡೋವರ್‌ನಲ್ಲಿ ಕಾಣೋ ಸುಣ್ಣದ ಕಲ್ಲಿನ ಪದರಗಳೇ ಸಮುದ್ರದ ಅಡಿಯಲ್ಲಿ ಫ್ರಾನ್ಸ್‌ವರೆಗೂ ಹಾಸಿವೆ. ಅದರಲ್ಲಿ ಜೇಡಿ ಬೆರೆತ ಒಂದು ಪದರ ಕೊರೆಯೋಕೆ ಮೆತ್ತಗೆ, ನೀರನ್ನೂ ಸುಲಭವಾಗಿ ಬಿಡೋದಿಲ್ಲ. ಎಂಜಿನಿಯರ್‌ಗಳು ಹುಡುಕಿಕೊಂಡು ಅದರಲ್ಲೇ ಕೊರೆದರು. ಎರಡೂ ಕಡೆಯಿಂದ ಕೊರೆದುಕೊಂಡು ಬಂದು 1990ರ ಡಿಸೆಂಬರ್ 1ರಂದು ನಡುವೆ ಸೇರಿದರು. 1994ರ ಮೇ 6ರಂದು ಉದ್ಘಾಟನೆ ಆಯಿತು. ಒಟ್ಟು ಉದ್ದ 50 ಕಿಲೋಮೀಟರ್ ಚಿಲ್ಲರೆ, ಅಂದ್ರೆ ಮಂಡ್ಯದಿಂದ ಮೈಸೂರಿಗೆ ಹೋಗೋದಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ಅಡಿಯಲ್ಲಿದೆ.

ನಮ್ಮ ಅಮ್ಮನಿಗೆ ಧೈರ್ಯ ಬಂದಿದ್ದು ಹುಲಿಕೆರೆ ಸುರಂಗದಿಂದ. ವಿ.ಸಿ. ನಾಲೆಯ ನೀರು ಹುಲಿಕೆರೆ ಹತ್ತಿರ ಗುಡ್ಡದೊಳಗೆ ಹೊಕ್ಕು ಆ ಕಡೆ ಹೊರಗೆ ಬರುತ್ತೆ, ನಮ್ಮ ಕಡೆಯವರಿಗೆಲ್ಲ ಗೊತ್ತು. ಅಷ್ಟು ಹಿಂದೆ ಕಟ್ಟಿದ್ದೇ ಇವತ್ತಿಗೂ ನಿಂತಿದೆ, ಇದು ನಿಲ್ಲಲ್ವಾ ಅಂದುಬಿಟ್ಟರು. ನಿಮ್ಮ ಅತ್ತೆಯವರಿಗೂ ಇದನ್ನೇ ಹೇಳಿ ನೋಡಿ. ಇನ್ನೊಂದು ಮಾತೂ ಹೇಳಿ. ಅಲ್ಲಿರೋದು ಒಂದು ಸುರಂಗವಲ್ಲ, ಮೂರು. ಹೋಗೋಕೆ ಒಂದು, ಬರೋಕೆ ಒಂದು, ನಡುವೆ ಸಣ್ಣದೊಂದು. ಆ ನಡುವಿನದು ತೊಂದರೆ ಆದಾಗ ಜನರನ್ನು ಹೊರಗೆ ಕರೆತರೋಕೆ. ಪ್ರತಿ 375 ಮೀಟರ್‌ಗೆ ಅದಕ್ಕೆ ಬಾಗಿಲಿದೆ, ಹೊಗೆ ನುಗ್ಗದ ಹಾಗೆ ಒಳಗೆ ಗಾಳಿಯ ಒತ್ತಡ ಜಾಸ್ತಿ ಇಟ್ಟಿರುತ್ತಾರೆ. 1996ರಲ್ಲೂ 2008ರಲ್ಲೂ ಲಾರಿ ಸಾಗಿಸೋ ರೈಲಿಗೆ ಬೆಂಕಿ ಬಿದ್ದಿತ್ತು. ಎರಡು ಸಲವೂ ಯಾರೂ ಸಾಯಲಿಲ್ಲ.

ಇನ್ನು ನಿಮ್ಮ ವಾಂತಿಯ ಚಿಂತೆ. ಡೋವರ್ ಹಡಗುಗಳು ನಾವು ಅಂದುಕೊಳ್ಳೋ ದೋಣಿಯಂಥವಲ್ಲ, ಕೆಲವು ಇನ್ನೂರು ಮೀಟರ್‌ಗೂ ಉದ್ದ ಇವೆ. ಮೇ ತಿಂಗಳಲ್ಲಿ ಚಳಿಗಾಲದಷ್ಟು ಬಿರುಗಾಳಿಯ ಕಾಟ ಇರೋದಿಲ್ಲ. ಆದರೂ ಬಸ್ಸಿನಲ್ಲೇ ಹೊಟ್ಟೆ ತೊಳೆಸುತ್ತೆ ಅನ್ನೋರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊರಡೋ ಮುಂಚೆಯೇ ತಗೊಂಡರೆ ಕೆಲಸ ಮಾಡುತ್ತೆ. ಹಡಗಿನ ಮಧ್ಯಭಾಗದಲ್ಲಿ ಕೂತುಕೊಳ್ಳಿ, ಅಲ್ಲಿ ಕುಲುಕಾಟ ಕಡಿಮೆ. ಮೊಬೈಲ್ ನೋಡಬೇಡಿ, ದೂರದ ದಡ ನೋಡಿ. ಅಮ್ಮ ಬಾಯಲ್ಲಿ ಒಂದು ಚೂರು ಒಣಶುಂಠಿ ಇಟ್ಟುಕೊಂಡಿದ್ದರು.

ದುಡ್ಡಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಟನಲ್ ದುಬಾರಿ. ಆದರೆ ಅಲ್ಲಿ ತಲೆಗೆ ಇಷ್ಟು ಅಂತಿಲ್ಲ, ಇಡೀ ಕಾರಿಗೆ ಒಂದೇ ದರ. ಎರಡರಲ್ಲೂ ದಿನ, ಗಂಟೆ ನೋಡಿ ದರ ಏರಿಳಿಯುತ್ತೆ. ಮೇ ಕೊನೆಯ ವಾರ ಅಲ್ಲಿ ಶಾಲೆಗಳಿಗೆ ರಜೆ, ಕೊನೆಯ ಸೋಮವಾರ ಸರ್ಕಾರಿ ರಜೆ. ಡೋವರ್‌ನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬಹುದು. ಆಗೋದಾದರೆ ಒಂದು ವಾರ ಹಿಂದೆ ಮುಂದೆ ಮಾಡಿಕೊಳ್ಳಿ. ಮಗನ ಕಾರಿಗೆ ಗ್ಯಾಸ್ ಕಿಟ್ ಇದ್ದರೆ ಟನಲ್ ರೈಲಿಗೆ ಹತ್ತಿಸೋದೇ ಇಲ್ಲ, ಅದನ್ನೊಮ್ಮೆ ಕೇಳಿ. ಬಾಡಿಗೆ ಕಾರಾದರೆ ದೇಶ ದಾಟಿಸೋಕೆ ಕಂಪನಿಯ ಒಪ್ಪಿಗೆ ಬೇಕು.

ವೀಸಾ ಮರೆಯಬೇಡಿ. ಬ್ರಿಟನ್ ವೀಸಾ ಫ್ರಾನ್ಸ್‌ಗೆ ನಡೆಯೋದಿಲ್ಲ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯೋ ಶೆಂಗೆನ್ ವೀಸಾ ಬೇರೆ ಬೇಕು. ಅದನ್ನು ಬೆಂಗಳೂರಿನಲ್ಲೇ ಮಾಡಿಸಿಕೊಂಡು ಹೊರಡಿ, ಅಲ್ಲಿಗೆ ಹೋಗಿ ಮಾಡಿಸ್ತೀವಿ ಅಂತ ಕೂರಬೇಡಿ. ಮಗ ಭಾರತದ ಪಾಸ್‌ಪೋರ್ಟ್‌ನಲ್ಲಿದ್ದರೆ ಅವನಿಗೂ ಬೇಕು.

ಬುತ್ತಿಯ ವಿಷಯವೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಿಂದ ಫ್ರಾನ್ಸ್‌ಗೆ ಹಾಲಿನ ಪದಾರ್ಥ, ಮಾಂಸ ತಗೊಂಡು ಹೋಗೋ ಹಾಗಿಲ್ಲ. ಮೊಸರನ್ನ, ತುಪ್ಪದ ಡಬ್ಬಿ, ಪೇಡ ಬೇಡ. ಪುಳಿಯೋಗರೆ, ಕೋಡುಬಳೆ, ಚಕ್ಕುಲಿಗೆ ತೊಂದರೆ ಇಲ್ಲ. ನಮ್ಮದು ಪುಳಿಯೋಗರೆಯಲ್ಲೇ ಪ್ಯಾರಿಸ್‌ವರೆಗೂ ನಡೆಯಿತು.

ಹಡಗು ಮಧ್ಯಾಹ್ನದ್ದು ಹಿಡಿಯಿರಿ. ಫ್ರಾನ್ಸ್ ಗಡಿಯಾರ ಒಂದು ಗಂಟೆ ಮುಂದೆ, ಹಾಗಾಗಿ ಕ್ಯಾಲೆಯಲ್ಲಿ ಮೂರಕ್ಕೆ ಹೊರಟರೆ ಡೋವರ್‌ನಲ್ಲಿ ಇನ್ನೂ ಮೂರೂವರೆ. ಬೆಳಕು ಬೇಕಾದಷ್ಟು ಇರುತ್ತೆ. ಅತ್ತೆಯವರ ಮಂಡಿ ನೋವಿನ ವಿಷಯ ಬುಕ್ ಮಾಡುವಾಗಲೂ ತಿಳಿಸಿ, ಹಡಗಿನ ಗೇಟಿನಲ್ಲೂ ಹೇಳಿ. ಲಿಫ್ಟ್ ಹತ್ತಿರ ಕಾರು ನಿಲ್ಲಿಸೋಕೆ ಜಾಗ ಕೊಡುತ್ತಾರೆ. ಮತ್ತೆ, ಮೇ ತಿಂಗಳಾದರೂ ಡೆಕ್ ಮೇಲೆ ಗಾಳಿ ಜೋರು, ಚಳಿ. ಅತ್ತೆಯವರ ಶಾಲು, ಕಿವಿಗೆ ಕಟ್ಟೋ ಸ್ಕಾರ್ಫು, ದೂರದ್ದು ನೋಡೋ ಕನ್ನಡಕ ಎಲ್ಲ ಕೈಚೀಲದಲ್ಲೇ ಇರಲಿ. ಕಾರಿನಲ್ಲಿ ಬಿಟ್ಟರೆ ಮತ್ತೆ ಇಳಿದು ತರೋಕೆ ಆಗಲ್ಲ.